ಹಾಸಿಗೆ ಹಿಡಿದ ಹಳದಿ ಬಟಾಣಿ

"ಈ ಸಲ ಮಾವನವರ ಹುಟ್ಟುಹಬ್ಬದ ಅಡುಗೆ ನಂದು. ನೀನು ಅಡುಗೆಮನೆ ಹೊಸಿಲು ತುಳೀಬೇಡ," ಎಂದು ನಾನು ಘೋಷಿಸಿದೆ. ಘೋಷಿಸುವಾಗ ಕುರ್ಚಿಯಿಂದ ಎದ್ದು ನಿಂತಿದ್ದೆ. ಕೂತು ಹೇಳುವಂಥ ಮಾತಾಗಿರಲಿಲ್ಲ ಅದು.

ನನ್ನ ಹೆಂಡತಿ ಲಿಸ್ಬೆತ್ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ಕಣ್ಣೆತ್ತದೆ ಕೇಳಿದಳು: "ಏನು ಮಾಡ್ತೀಯ?"

"ಹಳದಿ ಬಟಾಣಿ."

ಹೆಣಿಗೆಯ ಕಡ್ಡಿ ನಿಂತಿತು. "ನೀನಾ?"

"ಯಾಕೆ, ನನಗೇನು ಕೈ ಇಲ್ವಾ?"

"ಕೈ ಇದೆ ಟೊರ್ಕಿಲ್. ಕೈ ಬಗ್ಗೆ ನಾನೇನೂ ಹೇಳ್ಲಿಲ್ಲ," ಎಂದು ಮತ್ತೆ ಹೆಣೆಯತೊಡಗಿದಳು.

ಹಳದಿ ಬಟಾಣಿ ಎಂದರೆ ನಮ್ಮಲ್ಲಿ ಸೂಪಿನ ಹೆಸರೇ ಅದು. ಗಾಳಿ ಕಿಟಕಿ ಬಡಿಯುವ ಚಳಿಗಾಲದಲ್ಲಿ ತಿನ್ನುವ ಊಟ. ಬಟಾಣಿಯನ್ನು ಬೇಯಿಸಿ ಬೇಯಿಸಿ, ಚಮಚ ನೆಟ್ಟರೆ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಮಾಡಬೇಕು. ಪಕ್ಕದ ತಟ್ಟೆಯಲ್ಲಿ ಉಪ್ಪು ಹಾಕಿದ ಹಂದಿಮಾಂಸ, ಸಾಸೇಜು, ಕಪ್ಪು ರೈ ಬ್ರೆಡ್ಡು, ಹುಳಿಯಲ್ಲಿ ನೆನೆಸಿದ ಬೀಟ್‌ರೂಟು, ಮೂಗಿಗೆ ಹತ್ತುವ ಸಾಸಿವೆ. ಚಮಚ ವಾಲಿತೋ, ಅಡುಗೆ ಮಾಡಿದವರ ಮರ್ಯಾದೆಯೂ ಅದರ ಜೊತೆಗೇ ವಾಲಿತು ಎಂದು ತಿಳಿಯಬೇಕು.

ಇನ್ನು ಮಾವನವರು. ಹೆಸರು ಆಂಕರ್, ಆ ಶನಿವಾರಕ್ಕೆ ಎಂಬತ್ತೈದು ತುಂಬುವುದಿತ್ತು. ಮೂವತ್ತಾರು ವರ್ಷ ಉತ್ತರ ಸಮುದ್ರದ ಮೀನು ಹಡಗುಗಳಲ್ಲಿ ಅಡುಗೆ ಮಾಡಿದವರು. ಒಲೆ ಒಂದು ಕಡೆ, ಪಾತ್ರೆ ಇನ್ನೊಂದು ಕಡೆ ಜಾರುವಾಗ ನಡುವೆ ಕಾಲೂರಿ ನಿಂತು ಹನ್ನೊಂದು ಜನಕ್ಕೆ ಬಿಸಿಬಿಸಿ ಬಡಿಸಿದವರು. ಅತ್ತೆಯವರು ತೀರಿಕೊಂಡ ಮೇಲೆ, ಈ ಆರು ವರ್ಷದಿಂದ ತ್ಯುಬೊರೆನ್ ಬಂದರಿನ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ.

ಅವರ ದೊಡ್ಡ ಗುಣವೆಂದರೆ ಹೊಗಳದಿರುವುದು. ಈ ಸಮುದ್ರದಂಡೆಯ ನಮ್ಮ ಪಶ್ಚಿಮ ಜುಟ್ಲೆಂಡಿನವರಿಗೆ ಹೊಗಳಿಕೆ ಎಂದರೆ ದುಂದುವೆಚ್ಚ. ಉಂಡು ಸುಮ್ಮನಿದ್ದರೆ ಅಡುಗೆಗೆ ಅಡ್ಡಿಯಿಲ್ಲ ಎಂದರ್ಥ. "ತಿನ್ನಬಹುದು" ಎಂದರೆ ಅಡುಗೆಯವರು ಒಂದು ವಾರ ಎದೆಯುಬ್ಬಿಸಿಕೊಂಡು ತಿರುಗಬಹುದು. ಎಲ್ಲಕ್ಕಿಂತ ಮೇಲಿನದು "ಕೆಟ್ಟದ್ದೇನಲ್ಲ". ಅದನ್ನು ಸಾಮಾನ್ಯವಾಗಿ ಸತ್ತವರಿಗೆ ಮೀಸಲಿಡುತ್ತಾರೆ. ಅತ್ತೆಯವರನ್ನು ಮಣ್ಣು ಮಾಡಿ ಬಂದ ದಿನ ಮಾವ ಕಾಫಿ ಬಟ್ಟಲು ಕೆಳಗಿಟ್ಟು, "ಹೆಂಗಸು ಕೆಟ್ಟವಳೇನಲ್ಲ," ಎಂದಾಗ ಪಾದ್ರಿ ಸಮೇತ ಇಡೀ ಕೋಣೆ ಅತ್ತುಬಿಟ್ಟಿತ್ತು.

ನನ್ನ ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ಅಷ್ಟರಲ್ಲಿ ಮಾವನವರ ದೋಣಿಗೆ ನಾಲ್ಕು ಸಲ ಬಣ್ಣ ಬಳಿದಿದ್ದೇನೆ, ಛಾವಣಿ ಸೋರುವುದನ್ನು ನಿಲ್ಲಿಸಿದ್ದೇನೆ, ಅವರ ಮಗಳನ್ನು ಚೆನ್ನಾಗಿಯೇ ನೋಡಿಕೊಂಡಿದ್ದೇನೆ. ಎಲ್ಲದಕ್ಕೂ ಸಿಕ್ಕಿದ್ದು ಒಂದೇ ಒಂದು "ಹುಂ". ಲಿಸ್ಬೆತ್‌ಳ ತಮ್ಮ ಎವಾಲ್‌ನ ಹೆಂಡತಿ ಗ್ರೇತೆ ಹೋದ ವರ್ಷ ಹುರಿದ ಬಾತು ಬಡಿಸಿ "ತಿನ್ನಬಹುದು" ಗಿಟ್ಟಿಸಿಕೊಂಡಳು. ಆಮೇಲೆ ಆರು ತಿಂಗಳು ನಾವು ಯಾವ ಮಾತು ತೆಗೆದರೂ ಅವಳು ಅದನ್ನು ಮೆಲ್ಲಗೆ ಬಾತಿನ ಬಳಿಗೆ ಹೊಡೆದುಕೊಂಡು ಹೋಗುತ್ತಿದ್ದಳು. ಹವಾಮಾನದ ಮಾತಾದರೂ ಕೊನೆಗೆ ಬಾತೇ. ನನಗೆ ಹೊಟ್ಟೆ ಉರಿಯುತ್ತಿತ್ತು. ನನಗೂ ಒಂದು ಬೇಕಿತ್ತು, ಅದೂ "ತಿನ್ನಬಹುದು" ಅಲ್ಲ, ನೇರವಾಗಿ "ಕೆಟ್ಟದ್ದೇನಲ್ಲ". ನಮ್ಮಿಬ್ಬರಲ್ಲಿ ಒಬ್ಬರು ಹೋಗುವ ಮುಂಚೆ ಅದನ್ನು ಮಾವನವರ ಬಾಯಿಂದ ಕೇಳಲೇಬೇಕೆಂದು ಹಟ ಹಿಡಿದಿದ್ದೆ. ನೀವು ನಗಬಹುದು. ಇದಕ್ಕಿಂತ ಸಣ್ಣ ಆಸೆಗೆ ಇದಕ್ಕಿಂತ ದೊಡ್ಡ ಮನುಷ್ಯರು ಬಿದ್ದಿದ್ದಾರೆ.

ನನ್ನ ಧೈರ್ಯಕ್ಕೆ ಆಧಾರವೂ ಇತ್ತು. ನಮ್ಮ ಲೆಮ್ವಿ ಊರಿನ ಮನೆಮನೆಗೆ ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಸುತ್ತಾರಲ್ಲ, ಆ ಕೆಲಸ ನನ್ನದು. ಶಾಖ ಎಲ್ಲಿ ಸೋರುತ್ತದೆಂದು ಹುಡುಕುವುದು, ಅಲ್ಲಿ ಹೊದಿಕೆ ಸುತ್ತಿಸುವುದು. ಮೂವತ್ತು ವರ್ಷ ಒಂದು ಊರನ್ನೇ ಬೆಚ್ಚಗಿಟ್ಟವನಿಗೆ ಒಂದು ಪಾತ್ರೆ ಯಾವ ಲೆಕ್ಕ? ಜೊತೆಗೆ ನನ್ನ ಅಜ್ಜಿಯ ವಿದ್ಯೆ ಇತ್ತು. ಯುದ್ಧಕಾಲದಲ್ಲಿ ಉರುವಲು ಸಿಗದೆ, ಅವಳು ಗಂಜಿಗೆ ಒಂದು ಕುದಿ ಬರಿಸಿ, ಪಾತ್ರೆಗೆ ಪೇಪರು ಸುತ್ತಿ, ಹಾಸಿಗೆಯಲ್ಲಿ ಮಲಗಿಸಿ ರಜಾಯಿ ಹೊದಿಸಿಬಿಡುತ್ತಿದ್ದಳು. ಸಂಜೆಗೆ ಗಂಜಿ ತಾನಾಗಿ ಬೆಂದಿರುತ್ತಿತ್ತು. ನಮ್ಮ ದೇಶದ ಅರ್ಧ ಅಜ್ಜಿಯರು ಹಾಸಿಗೆಯಲ್ಲಿಯೇ ಅಡುಗೆ ಮಾಡಿದವರು.

ಅಂಗಡಿಯಲ್ಲಿ ಸಿಪ್ಪೆ ತೆಗೆದು ಒಡೆದ ಬಟಾಣಿ ಸಿಗುತ್ತದೆ, ಬೇಗ ಬೇಯುತ್ತದೆ. ಅದನ್ನು ತರುವುದು ನನ್ನ ಘನತೆಗೆ ಕುಂದು. ನೆಲಮಾಳಿಗೆಯ ಕಪಾಟಿನ ಹಿಂದೆ ಇಡೀ ಬಟಾಣಿ ತುಂಬಿದ ತಗಡಿನ ಡಬ್ಬಿ ಸಿಕ್ಕಿತು. ಶುಕ್ರವಾರ ಸಂಜೆ ಅದನ್ನು ತಂದು ಮೇಜಿನ ಮೇಲಿಟ್ಟೆ.

ಲಿಸ್ಬೆತ್ ಡಬ್ಬಿಯ ಮೇಲಿನ ಚೀಟಿ ನೋಡಿದಳು. "ಇದು ಅಮ್ಮನ ಅಕ್ಷರ."

"ಹೌದು. ಎಷ್ಟು ಗುಂಡಗೆ ಬರೆದಿದ್ದಾರೆ ನೋಡು."

"ಅಮ್ಮ ಹೋಗಿ ಆರು ವರ್ಷ ಆಯ್ತು."

"ಬಟಾಣಿಗೆ ಅದು ಗೊತ್ತಿಲ್ಲ," ಎಂದು ನೀರಿಗೆ ಸುರಿದೆ. ಬಟಾಣಿ ಪಾತ್ರೆಯ ತಳಕ್ಕೆ ಬಿದ್ದ ಸದ್ದು ಮಳೆಯದಲ್ಲ, ಜಲ್ಲಿಯದು. ಅದನ್ನು ನಾನು ಆಗಲೇ ಗಮನಿಸಬೇಕಿತ್ತು.

ಶನಿವಾರ ಬೆಳಿಗ್ಗೆ ಮೊದಲು ನಮ್ಮ ವಾಡಿಕೆಯಂತೆ ಅಂಗಳದ ಕಂಬಕ್ಕೆ ಹುಟ್ಟುಹಬ್ಬದ ಧ್ವಜ ಏರಿಸಿದೆ. ಲಿಸ್ಬೆತ್ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟಳು. ಅವಳು ಚಳಿಗಾಲದಲ್ಲಿ ಸಮುದ್ರಕ್ಕೆ ಬಿದ್ದು ಏಳುವ ಹೆಂಗಸರ ಸಂಘದವಳು. ಬಾಗಿಲಲ್ಲಿ ನಿಂತು ಬೂಟಿನ ದಾರ ಕಟ್ಟುತ್ತ ಹೇಳಿದಳು: "ನೋಡು, ಉಪ್ಪು ಮಾಂಸಾನ ಬೇರೆ ಪಾತ್ರೇಲಿ ಬೇಯ್ಸು. ಬಟಾಣಿ ಜೊತೆ ಹಾಕ್ಬೇಡ."

"ಜೊತೆಗೆ ಹಾಕಿದ್ರೆ ರುಚಿ ಒಳಗಿಳಿಯುತ್ತೆ."

"ಉಪ್ಪು ಒಳಗಿಳಿಯುತ್ತೆ. ಉಪ್ಪು ಕುಡಿದ ಬಟಾಣಿ ಬೇಯಲ್ಲ."

"ಲಿಸ್ಬೆತ್, ಶಾಖದ ವಿಷಯ ನೀನು ನನಗೆ ಹೇಳಿಕೊಡ್ತೀಯಾ?"

"ಶಾಖದ ವಿಷಯ ಅಲ್ಲ ನಾನು ಹೇಳಿದ್ದು. ಬಟಾಣಿ ವಿಷಯ," ಎಂದು ಬಾಗಿಲೆಳೆದುಕೊಂಡು ಹೋದಳು.

ಅವಳು ತಿರುವು ದಾಟುವುದನ್ನೇ ಕಾದು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿದೆ. ಬಟಾಣಿ, ಮಾಂಸ, ಈರುಳ್ಳಿ, ಕ್ಯಾರೆಟ್ಟು, ಸೆಲರಿ ಗೆಡ್ಡೆ, ಒಂದು ಕಟ್ಟು ಥೈಮ್ ಸೊಪ್ಪು. ಇಪ್ಪತ್ತು ನಿಮಿಷ ಕುದಿಸಿ, ಮುಚ್ಚಳಕ್ಕೆ ದಾರ ಬಿಗಿದು, ಪೇಪರು ಸುತ್ತಿ ಮಲಗುವ ಕೋಣೆಗೆ ಹೊತ್ತುಕೊಂಡು ಹೋದೆ. ಅಲ್ಲಿ ಒಂದು ಧರ್ಮಸಂಕಟ ಎದುರಾಯಿತು. ನಮ್ಮಲ್ಲಿ ಗಂಡ ಹೆಂಡತಿ ಒಂದೇ ಮಂಚದಲ್ಲಿ ಮಲಗಿದರೂ ರಜಾಯಿ ಬೇರೆ ಬೇರೆ. ಮದುವೆಗಳು ಉಳಿದಿರುವುದೇ ಅದರಿಂದ ಎನ್ನುವವರಿದ್ದಾರೆ. ಪುಕ್ಕ ಕಂಡರೆ ಸೀನುವ ನನ್ನದು ಕೃತಕ ನಾರು ತುಂಬಿದ ತೆಳು ರಜಾಯಿ. ಅವಳದು ಅಪ್ಪಟ ಹೆಬ್ಬಾತಿನ ಪುಕ್ಕದ್ದು, ತವರಿನಿಂದ ಬಂದದ್ದು, ವರ್ಷಕ್ಕೊಮ್ಮೆ ಬಿಸಿಲು ಕಾಣಿಸಿ ಜೋಪಾನ ಮಾಡಿದ್ದು. ಶಾಖ ಹಿಡಿಯುವ ದೃಷ್ಟಿಯಿಂದ ಎರಡಕ್ಕೂ ಹೋಲಿಕೆಯೇ ಇಲ್ಲ. ವೃತ್ತಿಧರ್ಮವು ದಾಂಪತ್ಯಧರ್ಮವನ್ನು ಗೆದ್ದಿತು. ಅವಳ ಕಡೆಯಲ್ಲಿ ಪಾತ್ರೆ ಮಲಗಿಸಿ, ಅವಳ ರಜಾಯಿಯನ್ನು ಕುತ್ತಿಗೆಯವರೆಗೆ ಹೊದಿಸಿ, ಬಾಗಿಲು ಮುಂದೆ ಮಾಡಿ ಬಂದೆ. ಆಗ ಗಂಟೆ ಒಂಬತ್ತು.

ಮಾವನವರನ್ನು ಕರೆದದ್ದು ಸಂಜೆ ಆರಕ್ಕೆ. ಅವರು ಹನ್ನೊಂದೂವರೆಗೇ ಚಿಕ್ಕ ರೈಲಿನಲ್ಲಿ ಬಂದಿಳಿದರು.

"ಗಾಳಿ ಜಾಸ್ತಿ ಆದ್ರೆ ರೈಲು ನಿಂತ್ಬಿಡ್ಬಹುದು ಅಂತ," ಎಂದರು. ಹೊರಗೆ ಗಾಳಿ ಎಂದಿನಷ್ಟೇ ಇತ್ತು.

ಅಷ್ಟರಲ್ಲಿ ಲಿಸ್ಬೆತ್ ಸಮುದ್ರದಿಂದ ಬೀಟ್‌ರೂಟಿನ ಬಣ್ಣವಾಗಿ ಮರಳಿದ್ದಳು. ಮೂವರೂ ರೈ ಬ್ರೆಡ್ಡಿನ ಮೇಲೆ ಹೆರಿಂಗ್ ಮೀನಿಟ್ಟುಕೊಂಡು ತಿಂದೆವು.

"ಸೂಪು ಎಲ್ಲಿಗೆ ಬಂತು?" ಎಂದಳು ಲಿಸ್ಬೆತ್.

"ಅದರ ಪಾಡಿಗೆ ಅದು ಬೇಯ್ತಿದೆ," ಎಂದೆ ಗೂಢವಾಗಿ.

"ಒಲೆ ಖಾಲಿ ಇದೆ."

"ಅದೇ ವಿಶೇಷ," ಎಂದೆ. ಮಾವನವರು ನನ್ನನ್ನೊಮ್ಮೆ ನೋಡಿ "ಹುಂ" ಎಂದರು.

ಊಟವಾದ ಮೇಲೆ ನಾನು ಹೆಚ್ಚಿನ ಕುರ್ಚಿ ತರಲು ನೆಲಮಾಳಿಗೆಗೆ ಇಳಿದೆ. ಎರಡು ಕುರ್ಚಿ ಸಿಕ್ಕಿದವು, ಒಂದರ ಕಾಲು ಸಿಗಲಿಲ್ಲ. ಅದನ್ನು ಹುಡುಕಿ ಜೋಡಿಸಿ ಮೇಲೆ ಬರುವ ಹೊತ್ತಿಗೆ ಮನೆ ನಿಶ್ಶಬ್ದವಾಗಿತ್ತು.

"ಮಾವ ಎಲ್ಲಿ?"

"ಮಲಗಿದ್ರು," ಎಂದಳು ಲಿಸ್ಬೆತ್ ಪಿಸುದನಿಯಲ್ಲಿ. "ಸೋಫಾ ಮೇಲೆ ಇಸ್ತ್ರಿ ಮಾಡಿದ ಮೇಜುಬಟ್ಟೆ ಹರವಿದೀನಲ್ಲ, ಅದಕ್ಕೆ ನಮ್ಮ ಮಂಚದ ಮೇಲೆ ಮಲಗಿ ಅಂದೆ."

ನನ್ನ ಕೈಯಲ್ಲಿದ್ದ ಕುರ್ಚಿಯ ಕಾಲು ಮತ್ತೆ ಕಳಚಿತು.

"ಯಾಕೆ, ಏನಾಯ್ತು?"

"ಆ ಮಂಚದಲ್ಲಿ ಸೂಪು ಮಲಗಿದೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಮಂಚದಲ್ಲಿ ಎಲ್ಲಿ?"

"ನಿನ್ನ ಕಡೆ."

"ಮೇಲೆ ಏನು ಹೊದಿಸಿದೀಯ?"

ನಾನು ಕುರ್ಚಿಯ ಕಾಲನ್ನು ಪರೀಕ್ಷಿಸತೊಡಗಿದೆ.

"ಟೊರ್ಕಿಲ್. ನಿನ್ನ ರಜಾಯಿ ತಾನೆ?"

"ಶಾಖ ಸೋರದ ಹಾಗೆ ನೋಡ್ಕೊಳ್ಳೋದಾದ್ರೆ ಹೆಬ್ಬಾತಿನ ಪುಕ್ಕಕ್ಕೆ..."

"ನನ್ನ ರಜಾಯಿ."

"ಪೇಪರು ಸುತ್ತಿದೀನಿ. ಎರಡು ಪದರ."

ಆಕೆ ಕೈಯಲ್ಲಿದ್ದ ಬಟ್ಟೆಯನ್ನು ಎಂಟು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು. ನಮ್ಮ ದಾಂಪತ್ಯದಲ್ಲಿ ಅದು ಒಳ್ಳೆಯ ಲಕ್ಷಣವಲ್ಲ. ಆಮೇಲೆ, "ಹೋಗಿ ತಗೊಂಡು ಬಾ. ಅಪ್ಪನ್ನ ಎಬ್ಬಿಸಿದ್ಯೋ, ನೋಡು," ಎಂದಳು.

ಮಾವನವರ ಮಧ್ಯಾಹ್ನದ ನಿದ್ದೆಯನ್ನು ಯಾರೂ ಮುರಿಯುವುದಿಲ್ಲ. ಒಮ್ಮೆ ಹಡಗಿನಲ್ಲಿ ಅವರನ್ನು ತಪ್ಪಿ ಎಬ್ಬಿಸಿದ ನಾವಿಕನೊಬ್ಬ ಬಂದರು ಮುಟ್ಟುವವರೆಗೆ ತಣ್ಣನೆ ಆಲೂಗಡ್ಡೆ ತಿಂದನಂತೆ. ನಾನು ಕಾಲುಚೀಲದಲ್ಲಿ, ಕಳ್ಳನಿಗಿಂತ ಮೆತ್ತಗೆ ಒಳಗೆ ಹೋದೆ.

ಮಾವನವರು ನನ್ನ ಕಡೆಯಲ್ಲಿ, ನನ್ನ ತೆಳು ರಜಾಯಿಯ ಕೆಳಗೆ ಅಂಗಾತ ಮಲಗಿದ್ದರು. ಮುಖದ ಮೇಲೆ ಪೇಪರು ಏರಿಳಿಯುತ್ತಿತ್ತು. ಬಲಗೈ ಮಾತ್ರ ಚಾಚಿಕೊಂಡು ಪಕ್ಕದ ರಜಾಯಿಯ ಉಬ್ಬನ್ನು ಬಳಸಿ ಹಿಡಿದಿತ್ತು. ಅತ್ತೆಯವರು ಬದುಕಿದ್ದಾಗ ಅವರ ಹೆಗಲ ಮೇಲೆ ಮಾವ ಹೀಗೆ ಕೈಯಿಟ್ಟದ್ದನ್ನು ನಾನಂತೂ ನೋಡಿರಲಿಲ್ಲ. ಪಾತ್ರೆ ಎತ್ತಬೇಕಾದರೆ ಮೊದಲು ಆ ಕೈ ಎತ್ತಬೇಕು, ಅದು ಸಾಧ್ಯವಿರಲಿಲ್ಲ.

ಕಡೇಪಕ್ಷ ಬೆಂದಿದೆಯೋ ಇಲ್ಲವೋ ನೋಡೋಣವೆಂದು ಮಂಡಿಯೂರಿ ರಜಾಯಿಯೊಳಗೆ ತೋಳು ತೂರಿಸಿದೆ. ಪೇಪರು ಬಿಡಿಸಿ, ದಾರ ಬಿಚ್ಚಿ, ಮುಚ್ಚಳ ಸರಿಸಿ, ಬೆರಳಲ್ಲಿ ಎರಡು ಬಟಾಣಿ ಹಿಡಿದೆ. ಶಾಖ ಅದ್ಭುತವಾಗಿತ್ತು, ಬೆರಳು ಸುಟ್ಟಿತು. ನಾಲ್ಕು ಗಂಟೆ ಕಳೆದರೂ ಒಂದು ಹನಿ ಬಿಸಿ ಸೋರಿರಲಿಲ್ಲ. ಹೆಮ್ಮೆಯಿಂದ ಒಂದನ್ನು ಬಾಯಿಗೆ ಹಾಕಿ ಕಚ್ಚಿದೆ.

ಕಟಂ ಎಂದಿತು. ಅದು ಬಟಾಣಿಯ ಸದ್ದಲ್ಲ, ನನ್ನ ಹಲ್ಲಿನದು.

"ಹುಂ," ಎಂದಿತು ಪೇಪರು.

ನಾನು ಹಾಗೆಯೇ ನೆಲಕ್ಕೆ ಮಲಗಿ ಮಂಚದ ಕೆಳಗೆ ಸರಿದೆ. ಐದು ನಿಮಿಷ ಧೂಳಿನ ನಡುವೆ ಉಸಿರು ಬಿಗಿ ಹಿಡಿದು ಮಲಗಿದ್ದು, ಮೇಲೆ ಗೊರಕೆ ಶುರುವಾದ ಮೇಲೆ ತೆವಳಿಕೊಂಡು ಹೊರಬಂದೆ. ಒಂದು ಊರಿನ ಶಾಖದ ಜವಾಬ್ದಾರಿ ಹೊತ್ತ ಅಧಿಕಾರಿಯನ್ನು ಆ ಸ್ಥಿತಿಯಲ್ಲಿ ಯಾರೂ ನೋಡದಿದ್ದದ್ದು ಊರಿನ ಪುಣ್ಯ.

ಅಡುಗೆಮನೆಯಲ್ಲಿ ಇನ್ನೊಂದು ಬಟಾಣಿಯನ್ನು ಲಿಸ್ಬೆತ್‌ಳ ಕೈಗಿಟ್ಟೆ. ಅವಳು ತಟ್ಟೆಗೆ ಹಾಕಿದಳು. ಟಣ್ ಎಂದು ಪುಟಿದು, ಮೇಜು ದಾಟಿ, ನೆಲದ ಮೇಲೆ ಉರುಳಿಕೊಂಡು ಹೋಯಿತು.

"ಮಾಂಸ ಜೊತೆಗೇ ಹಾಕಿದ್ಯಾ?"

ನಾನು ಕಿಟಕಿಯಾಚೆ ನೋಡಿದೆ.

"ಅಲ್ಲೇನಿದೆ?"

"ಧ್ವಜ."

"ಧ್ವಜ ಎಲ್ಲೂ ಓಡಿ ಹೋಗಲ್ಲ. ಆರು ಗಂಟೆಗೆ ಎವಾಲ್ ಮತ್ತೆ ಗ್ರೇತೆ ಬರ್ತಾರೆ. ಏನು ಬಡಿಸ್ತೀಯ? ಗ್ರೇತೆ ಮುಂದೆ ಇದನ್ನ ಇಡ್ತೀಯಾ?"

ಗ್ರೇತೆಯ ಹೆಸರು ಕೇಳಿದ್ದೇ ನನ್ನಲ್ಲಿ ಶೌರ್ಯ ಉಕ್ಕಿತು. "ಒಡೆದ ಬಟಾಣಿ ತರ್ತೀನಿ. ಒಂದು ಗಂಟೆಯಲ್ಲಿ ಬೇಯುತ್ತೆ. ಮಾವ ಏಳೋದ್ರೊಳಗೆ ಬಂದ್ಬಿಡ್ತೀನಿ," ಎಂದು ಸೈಕಲ್ ಹತ್ತಿದೆ. ಆಗ ಒಂದೂವರೆ.

ಮೊದಲ ಅಂಗಡಿಯಲ್ಲಿ ಬಟಾಣಿ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಅಂಥ ಗಾಳಿಗೆ ಊರಿಗೆ ಊರೇ ಹಳದಿ ಬಟಾಣಿ ಬೇಯಿಸಲು ಕೂತಿತ್ತು. "ಬೆಳಿಗ್ಗೆ ಹತ್ತಕ್ಕೇ ಖಾಲಿ ಆಯ್ತು. ಈಗ ಬಂದು ಕೇಳ್ತೀರಲ್ಲ," ಎಂದಳು ಗಲ್ಲಾದ ಹೆಂಗಸು, ನನ್ನನ್ನು ಹೊರದೇಶದವನೆಂದು ತಿಳಿದವಳ ಹಾಗೆ. ಪಕ್ಕದ ಹಳ್ಳಿಯ ಅಂಗಡಿಗೆ ಒಂಬತ್ತು ಕಿಲೋಮೀಟರು, ಪೂರ್ತಿ ಎದುರುಗಾಳಿ. ಎರಡು ಕಡೆ ಸೈಕಲ್ ಹಿಮ್ಮುಖವಾಗಿ ಚಲಿಸಿತು ಎಂದರೆ ನೀವು ನಂಬುವುದಿಲ್ಲ, ಇರಲಿ. ಅಲ್ಲಿ ಕೊನೆಯ ಎರಡು ಪೊಟ್ಟಣ ಸಿಕ್ಕಿತು. ಅದನ್ನು ಎದೆಗವಚಿಕೊಂಡು ಮನೆ ಸೇರಿದಾಗ ಐದಕ್ಕೆ ಹದಿನೈದು ನಿಮಿಷವಿತ್ತು. ಕಿವಿ ಎರಡೂ ಇವೆಯೇ ಎಂದು ಮುಟ್ಟಿ ನೋಡಿಕೊಂಡೆ.

ಬಾಗಿಲು ತೆಗೆದರೆ ಪರಿಮಳ. ಒಲೆಯ ಮೇಲೆ ನನ್ನ ಪಾತ್ರೆ ಕೂತಿತ್ತು. ಒಳಗೆ ಹಳದಿ ಬಣ್ಣದ, ನುಣ್ಣನೆಯ, ಗಟ್ಟಿ ಸೂಪು ನಿಧಾನಕ್ಕೆ ಪುಸ್ ಪುಸ್ ಎನ್ನುತ್ತಿತ್ತು. ಪಕ್ಕದಲ್ಲಿ ಮಾಂಸ ಮತ್ತು ಸಾಸೇಜು ಸಿದ್ಧವಾಗಿದ್ದವು. ಮಾವನವರು ಮುಂದಿನ ಕೋಣೆಯಲ್ಲಿ ಕೂತು ಇಸ್ಪೀಟು ಜೋಡಿಸುತ್ತಿದ್ದರು.

"ಬೆಂತಾ?" ಎಂದೆ, ನಂಬಲಾರದೆ.

"ಬೆಂದಿದೆ," ಎಂದಳು ಲಿಸ್ಬೆತ್.

"ಅದೇ ಬಟಾಣಿ?"

"ಅದೇ ಬಟಾಣಿ. ಕೈ ತೊಳ್ಕೊಂಡು ಮೇಜು ಜೋಡ್ಸು."

"ನಾನು ಹೇಳಿರ್ಲಿಲ್ವಾ? ಇನ್ನೆರಡು ಗಂಟೆ ಬೇಕಾಗಿತ್ತು ಅಷ್ಟೆ. ಶಾಖಕ್ಕೆ ತಾಳ್ಮೆ ಬೇಕು ಲಿಸ್ಬೆತ್. ನೀವೆಲ್ಲ ಅವಸರ ಮಾಡ್ತೀರ."

ಅವಳು ಏನೋ ಹೇಳಲು ಬಾಯಿ ತೆರೆದು, ಮುಂದಿನ ಕೋಣೆಯ ಕಡೆ ನೋಡಿ, ಮುಚ್ಚಿಕೊಂಡಳು. ಸೋಲೊಪ್ಪಿಕೊಳ್ಳಲು ಕಷ್ಟವಾಗಿರಬೇಕೆಂದು ನಾನು ಉದಾರವಾಗಿ ಸುಮ್ಮನಾದೆ. ಹೊಸ ಪೊಟ್ಟಣಗಳನ್ನು ಕಪಾಟಿಗೆ ಎಸೆದೆ.

ಆರಕ್ಕೆ ಸರಿಯಾಗಿ ಎವಾಲ್ ಮತ್ತು ಗ್ರೇತೆ ಬಂದರು. ಗ್ರೇತೆ ಕೋಟು ಕಳಚುವ ಮುಂಚೆಯೇ, "ಬಟಾಣಿ ಮಾಡೋದು ಬಾತು ಹುರಿದಷ್ಟು ಕಷ್ಟ ಅಲ್ಲ ಬಿಡಿ ಭಾವ," ಎಂದಳು. ಮೇಜಿನ ಮೇಲೆ ಪುಟ್ಟ ಧ್ವಜಗಳು, ಸಣ್ಣ ಲೋಟಗಳಲ್ಲಿ ಸ್ನ್ಯಾಪ್ಸ್ ಸಾರಾಯಿ. ನಾನೇ ಬಡಿಸಿದೆ.

ಮಾವನವರು ಚಮಚವನ್ನು ಸೂಪಿನ ನಡುವೆ ನೆಟ್ಟು ಕೈಬಿಟ್ಟರು. ಚಮಚ ನಿಂತಿತು. ಎವಾಲ್ ಕತ್ತು ಬಗ್ಗಿಸಿ ಒಂದು ಕಡೆಯಿಂದ ನೋಡಿದ, ಆ ಕಡೆಯಿಂದಲೂ ನಿಂತಿತ್ತು. ಮಾವನವರು ತಿಂದರು. ಇನ್ನೊಂದು ತಟ್ಟೆ ಹಾಕಿಸಿಕೊಂಡು ಅದನ್ನೂ ತಿಂದರು. ತುಟಿ ಒರೆಸಿಕೊಂಡು, ತಟ್ಟೆಯ ತಳ ನೋಡಿಕೊಂಡು, ಯಾರಿಗೂ ಅಲ್ಲವೆಂಬಂತೆ ಹೇಳಿದರು:

"ಕೆಟ್ಟದ್ದೇನಲ್ಲ."

ಗ್ರೇತೆಯ ಫೋರ್ಕು ತಟ್ಟೆಗೆ ಬಿತ್ತು. ಎವಾಲ್ ಅಪ್ಪನ ಆರೋಗ್ಯದ ಬಗ್ಗೆ ಗಾಬರಿಯಾದವನಂತೆ ಲಿಸ್ಬೆತ್‌ಳ ಕಡೆ ನೋಡಿದ. ನನ್ನ ಕಣ್ಣು ತುಂಬಿ ಬಂದಿತು. ಸಾಸಿವೆ ಹೆಚ್ಚಾಯಿತೆಂದು ಹೇಳಿದೆ, ಆದರೆ ಸಾಸಿವೆ ನಾನಿನ್ನೂ ಮುಟ್ಟಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಕಾದದ್ದು ಕೊನೆಗೂ ಬಂತಲ್ಲ ಎಂದು ನಿಜವಾಗಿಯೂ ಅಳು ಬಂದಿತ್ತು.

ಆಗ ನಾನು ಸುಮ್ಮನೆ ಕೂತಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮಲ್ಲಿ ಹುಟ್ಟುಹಬ್ಬದ ಊಟದಲ್ಲಿ ಯಾರಾದರೂ ಎದ್ದು ಭಾಷಣ ಮಾಡಬೇಕು, ಮತ್ತು ನಾನು ಆಗಲೇ ಎದ್ದಿದ್ದೆ. ಚಮಚದಿಂದ ಲೋಟಕ್ಕೆ ತಟ್ಟಿ ಒಂಬತ್ತು ನಿಮಿಷ ಮಾತಾಡಿದೆ. ಅಜ್ಜಿಯಿಂದ ಶುರು ಮಾಡಿ, ಊರಿನ ಕೊಳವೆಗಳ ಮೂಲಕ ಹಾದು, ರಜಾಯಿಯ ಮಹಿಮೆಗೆ ಬಂದೆ. ಒಲೆಯೆಂಬುದು ತಾಳ್ಮೆಯಿಲ್ಲದವರ ಆಟಿಕೆ ಎಂದೆ. ಮಾಂಸವನ್ನು ಬೇರೆ ಬೇಯಿಸಬೇಕೆಂಬುದು ಹಳೆಯ ಮೂಢನಂಬಿಕೆ, ಅದನ್ನು ಇವತ್ತು ಈ ಮೇಜಿನ ಮೇಲೆ ಸುಳ್ಳು ಮಾಡಿದ್ದೇನೆ ಎಂದೆ. ಲಿಸ್ಬೆತ್ ತಟ್ಟೆಯನ್ನೇ ನೋಡುತ್ತಿದ್ದಳು. ಅವಳ ಭುಜ ಅಲುಗುತ್ತಿತ್ತು, ಭಾವುಕಳಾಗಿದ್ದಾಳೆ ಎಂದುಕೊಂಡೆ.

"ಎಷ್ಟು ಹೊತ್ತು ಇಟ್ಟಿದ್ದೆ ರಜಾಯಿಯೊಳಗೆ?" ಎಂದು ಕೇಳಿದರು ಮಾವನವ‍ರು. ಅವರು ನನ್ನನ್ನು ಪ್ರಶ್ನೆ ಕೇಳಿದ್ದೇ ಮೊದಲ ಸಲ.

"ಏಳು ಗಂಟೆ ಮಾವ, ಹೆಚ್ಚೂ ಕಮ್ಮಿ."

"ಏಳು," ಎಂದು ತಲೆದೂಗಿದರು. "ಬರ್ಕೋ ಎವಾಲ್."

ಎಲ್ಲರೂ ಲೋಟ ಎತ್ತಿದರು. ನಾನು ಮೂರನೇ ಸುತ್ತಿಗೆ ಸೂಪು ತರಲು ಖಾಲಿ ಬಟ್ಟಲು ಹಿಡಿದು, ನೆಲ ಮುಟ್ಟದ ಕಾಲಲ್ಲಿ ಅಡುಗೆಮನೆಗೆ ಹೋದೆ. ತೊಳೆಯುವ ತೊಟ್ಟಿಯಲ್ಲಿ, ಗೆಲುವಿನ ಗುಂಗಿನಲ್ಲಿ ನಾನು ಅಲ್ಲಿಯವರೆಗೆ ಗಮನಿಸದ ದೊಡ್ಡ ಜರಡಿ ಬಿದ್ದಿತ್ತು, ಅದರ ತುಂಬ ಬಟಾಣಿಯ ಸಿಪ್ಪೆ. ಪಕ್ಕದಲ್ಲಿ ಅಡುಗೆ ಸೋಡಾದ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಗೂಟಕ್ಕೆ ನಮ್ಮ ಏಪ್ರನ್ ನೇತಾಡುತ್ತಿತ್ತು. ಅದರ ದಾರವನ್ನು ನಾವಿಬ್ಬರೂ ಎಂದೂ ಹಾಕದ ಹಡಗಿನವರ ಗಂಟು ಹಾಕಿ ಬಿಗಿದಿದ್ದರು.

ಲಿಸ್ಬೆತ್ ಹಿಂದೆಯೇ ಬಂದು ಬಾಗಿಲು ಮುಚ್ಚಿದಳು.

"ಯಾರು?" ಎಂದೆ, ಉತ್ತರ ಗೊತ್ತಿದ್ದರೂ.

"ನಿನ್ನ ಸೈಕಲ್ ಗೇಟು ದಾಟಿರ್ಲಿಲ್ಲ, ಅಪ್ಪ ಪಾತ್ರೆ ಅಪ್ಪಿಕೊಂಡು ಬಂದ್ರು. 'ಇದು ನನ್ನ ಪಕ್ಕ ಮಲಗಿತ್ತು ಕಣೇ, ಜ್ವರ ಇದೆ, ಜೀವ ಇಲ್ಲ,' ಅಂದ್ರು. ಉಪ್ಪು ನೀರು ಬಸಿದ್ರು, ಮಾಂಸ ತೆಗೆದು ಬೇರೆ ಹಾಕಿದ್ರು, ಚಿಟಿಕೆ ಸೋಡಾ ಹಾಕಿ ಹೊಸ ನೀರಲ್ಲಿ ಕುದಿಸಿದ್ರು. ಆಮೇಲೆ ನಿಂತ್ಕೊಂಡೇ ಅಷ್ಟನ್ನೂ ಜರಡಿ ಹಿಡಿದ್ರು. ನನ್ನ ಮುಟ್ಟೋಕೂ ಬಿಡ್ಲಿಲ್ಲ."

"ಮತ್ತೆ ನನಗೆ ಹೇಳ್ಬಾರ್ದಾಗಿತ್ತಾ?"

"ಅವನಿಗೆ ಹೇಳ್ಬೇಡ ಅಂದ್ರು."

"ನಾನು ಒಂಬತ್ತು ನಿಮಿಷ ಭಾಷಣ ಮಾಡಿದೆ ಲಿಸ್ಬೆತ್."

"ನಿಲ್ಲಿಸೋಣ ಅಂತಿದ್ದೆ. ಅಪ್ಪ ಮೇಜಿನ ಕೆಳಗೆ ನನ್ನ ಕಾಲು ತುಳಿದ್ರು. ಹುಟ್ಟುಹಬ್ಬ ಅವರದ್ದಲ್ವಾ, ಖುಷಿಪಡ್ಲಿ ಅಂತ ಸುಮ್ನಾದೆ."

ನಾನು ಕುರ್ಚಿಯಲ್ಲಿ ಕುಸಿದೆ. "ಹಾಗಾದ್ರೆ ಅವರು ಕೆಟ್ಟದ್ದೇನಲ್ಲ ಅಂದಿದ್ದು..."

"ತಮ್ಮ ಅಡುಗೆಗೇ," ಎಂದಳು. ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಕನಿಕರದಿಂದ, "ತಮ್ಮ ಅಡುಗೇನೂ ಅವರು ಹೊಗಳಿದ್ದು ಇದೇ ಮೊದಲು," ಎಂದಳು.

ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಉಳಿದ ಹೊತ್ತೆಲ್ಲ ಬಾಯಿ ಹೊಲಿದುಕೊಂಡು ಕೂತೆ. ಕಾಫಿಯ ಜೊತೆ ಗ್ರೇತೆ ಪೆನ್ನು ಹಿಡಿದು, "ಭಾವ, ಪೇಪರು ಎಷ್ಟು ಪದರ ಅಂದ್ರಿ?" ಎಂದು ಕೇಳಿದಳು. ಗೆದ್ದೆನೆಂದು ಕುಣಿಯಬೇಕಾದ ಗಳಿಗೆ. ನಾನು ನೆಲ ನೋಡುತ್ತ, "ಅದೆಲ್ಲ ಬೇಡ ಗ್ರೇತೆ, ಒಡೆದ ಬಟಾಣಿ ತಂದು ಒಲೆ ಮೇಲೆ ಬೇಯ್ಸು," ಎಂದೆ. ಅವಳು ಗುಟ್ಟು ಬಿಟ್ಟುಕೊಡುವುದಿಲ್ಲವೆಂದು ಮುನಿಸಿಕೊಂಡಳು.

ಎಂಟಕ್ಕೆ ಎಲ್ಲರೂ ಹೊರಟರು. ಮಾವನವರನ್ನು ಎವಾಲ್ ತನ್ನ ಕಾರಿನಲ್ಲಿ ಬಿಡುವುದಿತ್ತು. ಅವನು ಹೊರಗೆ ಗಾಜಿನ ಮೇಲಿನ ಹಿಮ ಕೆರೆಯುವಾಗ, ಬಾಗಿಲ ಬಳಿ ಮಾವನವರೂ ನಾನೂ ಇಬ್ಬರೇ ಉಳಿದೆವು. ನಾನು ಅವರ ಕೋಟು ಹಿಡಿದುಕೊಂಡೆ. ಅವರು ಒಂದು ತೋಳು ತೂರಿಸಿದರು.

"ಮಾವ," ಎಂದೆ. "ಸೂಪು ಮಾಡಿದ್ದು ನೀವು ಅಂತ ಗೊತ್ತಾಯ್ತು. ಆ ಭಾಷಣ..."

"ಸೂಪಿನ ಮಾತು ಬಿಡಯ್ಯ," ಎಂದರು. ಇನ್ನೊಂದು ತೋಳಿಗಾಗಿ ಹಿಂದೆ ತಡಕಾಡುತ್ತ, ಗೋಡೆಯ ಕಡೆ ಮುಖ ಮಾಡಿಕೊಂಡೇ ಮುಂದುವರಿಸಿದರು. "ಪಕ್ಕ ಬೆಚ್ಚಗಿತ್ತು. ಆರು ವರ್ಷ ಆಯ್ತು, ಮಲಗಿದ್ರೆ ಆ ಕಡೆ ತಣ್ಣಗೇ ಇರುತ್ತೆ. ಇವತ್ತು ನಿದ್ದೆಗಣ್ಣಲ್ಲಿ ಕೈ ಹಾಕಿದ್ರೆ ಬೆಚ್ಚಗಿತ್ತು."

ನಾನು ಅವರ ಇನ್ನೊಂದು ತೋಳನ್ನು ಕೋಟಿಗೆ ತೂರಿಸಿದೆ. ಕೋಟಿನ ಕಾಲರು ಸರಿ ಮಾಡಿದೆ.

"ಅದು ಕೆಟ್ಟದ್ದೇನಲ್ಲ," ಎಂದರು ಮಾವನವರು.

ಇಪ್ಪತ್ತೊಂಬತ್ತು ವರ್ಷಗಳಲ್ಲಿ ನನಗೇ ಎಂದು ಸಿಕ್ಕಿದ ಮೊದಲ "ಕೆಟ್ಟದ್ದೇನಲ್ಲ". ಅವರ ಟೋಪಿಯನ್ನು ಕೈಗಿಡುತ್ತ, "ಹಾಗಾದ್ರೆ ಮುಂದಿನ ವರ್ಷ ಇನ್ನೂ ಚೆನ್ನಾಗಿ ಮಾಡ್ತೀನಿ ಮಾವ," ಎಂದೆ.

ಅವರು ಟೋಪಿ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಮಾಡು. ಮತ್ತೆ ಅದೇ ಪಾತ್ರೆ, ಅದೇ ರಜಾಯಿ," ಎಂದರು. "ಒಳಗೆ ಬರೀ ನೀರು ಹಾಕು, ಸಾಕು."